ಮೂರು ತಿಂಗಳ ಮೇಕೆಮರಿ ಮುಂಗಾಲು ಮುರಿದಿದೆ, ಮನೇಲೇ ಕಟ್ಟಬಹುದಾ?

ಹಟ್ಟಿ ಹುಡುಗಿ · ಭಾನುವಾರ ಸಂಜೆ 6:40
ಎಲ್ರಿಗೂ ನಮಸ್ಕಾರ. ನಮ್ದು ಸಿರಾ ತಾಲ್ಲೂಕು. ಮನೇಲಿ 14 ಮೇಕೆ ಇವೆ, ಎಲ್ಲಾ ನಾಟಿ ಬಿಳಿ ಮೇಕೆ. ಇವತ್ತು ಮಧ್ಯಾಹ್ನ ಮೂರು ತಿಂಗಳ ಹೆಣ್ಣುಮರಿ ಒಂದು ಚಪ್ಪಡಿ ಕಲ್ಲಿನ ಬೇಲಿ ಸಂದಿಗೆ ಮುಂಗಾಲು ಸಿಕ್ಕಿಸ್ಕೊಂಡಿತ್ತು. ಹಿಂದಿಂದ ದೊಡ್ಡವು ನುಗ್ಗಿದ್ವು. ಟಕ್ ಅಂದಿದ್ದು ಅಂಗಳದಲ್ಲಿದ್ದ ನಂಗೂ ಕೇಳಿಸ್ತು.

ಎಡಗಾಲು, ಮಂಡಿಗಿಂತ ಕೆಳಗೆ, ಗೊರಸಿಗಿಂತ ನಾಲ್ಕು ಬೆರಳು ಮೇಲೆ ಜೋತಾಡ್ತಿದೆ. ಚರ್ಮ ಹರಿದಿಲ್ಲ, ರಕ್ತ ಇಲ್ಲ. ಮೂರು ಕಾಲಲ್ಲೇ ನಿಂತು ತಾಯಿ ಹತ್ರ ಹಾಲು ಕುಡೀತು. ನಮ್ಮ ಕಡೆ ಆಸ್ಪತ್ರೆ ಇವತ್ತು ಬಾಗಿಲು ಹಾಕಿದೆ. ಅಪ್ಪ "ಕೊಟ್ಬಿಡಾಣ, ಕುಂಟು ಮರಿ ಯಾರು ಸಾಕ್ತಾರೆ" ಅಂತಿದಾರೆ. ಅಜ್ಜಿ ಮಂಗರವಳ್ಳಿ ಅರೆದು ಬಿದಿರು ದಬ್ಬೆ ಕಟ್ಟು ಅಂತಾರೆ. ನಂಗೆ ಕೊಡೋಕೆ ಮನಸ್ಸಿಲ್ಲ. ರಾತ್ರಿ ಏನು ಮಾಡ್ಲಿ? ಬೇಗ ಹೇಳಿ.

ಕೆರೆ ಏರಿ · 6:48
ಮೊದಲು ಅದನ್ನ ಹಿಂಡಿನಿಂದ ಬೇರೆ ಮಾಡಿ. ತಾಯಿ ಜೊತೆ ಒಂದು ಮೂಲೆಗೆ ಹಾಕಿ, ಹುಲ್ಲು ದಪ್ಪಗೆ ಹಾಸಿ. ಕೊಡ್ಬೇಡಿ. ಮಂಡಿ ಕೆಳಗಿನ ಮುರಿತ ಕೂಡ್ಕೊಳ್ಳುತ್ತೆ.

ಬನ್ನೂರು ಕುರಿ · 6:55
ನಮ್ಮನೇಲಿ ಎರಡು ಮರಿಗೆ ಕಟ್ಟಿದೀನಿ, ಎರಡೂ ಸರಿಯಾದ್ವು. ಮುಕ್ಕಾಲು ಅಡಿ ಪಿವಿಸಿ ಪೈಪ್ ತಗೊಂಡು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ. ಒಳಗೆ ಹತ್ತಿ ಇಟ್ಟು ಕಾಲಿಗೆ ಎರಡೂ ಕಡೆ ಕೂರಿಸಿ ಬ್ಯಾಂಡೇಜ್ ಸುತ್ತಿ. ಬಿಗಿಯಾಗಿ ಕಟ್ಟಿ, ಇಲ್ಲಾಂದ್ರೆ ಜಾರುತ್ತೆ.

ತೋಟದ ಮನೆ · 7:02
ಬಿಗಿಯಾಗಿ ಅನ್ನೋ ಮಾತು ದಯವಿಟ್ಟು ಹೇಳ್ಬೇಡಿ. ಕೈ ಮುಗಿದು ಕೇಳ್ತೀನಿ.

ನಮ್ಮದು ತೀರ್ಥಹಳ್ಳಿ ಕಡೆ. ಆರು ವರ್ಷದ ಹಿಂದೆ ಮಲೆನಾಡು ಗಿಡ್ಡ ಕರು ಒಂದು ತೋಟದ ಚರಂಡಿಗೆ ಬಿದ್ದು ಹಿಂಗಾಲು ಮುರ್ಕೊಳ್ತು. ಅಡಿಕೆ ದಬ್ಬೆ ಇಟ್ಟು, ತೆಂಗಿನ ನಾರಿನ ಹಗ್ಗದಲ್ಲಿ ನಾನೇ ಸುತ್ತಿದೆ. ಹತ್ತಿ ಇರ್ಲಿಲ್ಲ, ಹಳೇ ಪಂಚೆ ಒಂದು ಸುತ್ತು ಅಷ್ಟೇ. ಅಲ್ಲಾಡದೇ ನಿಂತ್ರೆ ಮೂಳೆ ಕೂಡುತ್ತೆ ಅಂತ ಮೊಣಕಾಲು ಕೊಟ್ಟು ಎಳೆದು ಕಟ್ಟಿದೆ. ಎರಡು ದಿನ ಚೆನ್ನಾಗೇ ಇತ್ತು. ಮೂರನೇ ದಿನ ಮೇವು ಬಿಡ್ತು. ಐದನೇ ದಿನ ಕೊಟ್ಟಿಗೆಗೆ ಕಾಲಿಡುವಾಗ್ಲೇ ವಾಸನೆ. ಬಿಚ್ಚಿದೆ. ಗೊರಸು ಮುಟ್ಟಿದ್ರೆ ಬೆಳಗ್ಗಿನ ಜಾವದ ಕಲ್ಲಿನ ಹಾಗೆ ತಣ್ಣಗೆ. ಹಗ್ಗದ ಜೊತೆಗೇ ಚರ್ಮ ಎದ್ದು ಬಂತು. ಮುರಿದಿದ್ದ ಮೂಳೆಯಿಂದ ಅದಕ್ಕೆ ಏನೂ ಆಗ್ತಿರ್ಲಿಲ್ಲ, ನನ್ನ ಕಟ್ಟಿನಿಂದ ಕಾಲು ಹೋಯ್ತು, ಕರುವೂ ಉಳೀಲಿಲ್ಲ. ಹತ್ತಿ ದಪ್ಪಗೆ ಹಾಕಿ, ಬಿಗಿ ಕಡಿಮೆ ಇಡಿ.

ಬನ್ನೂರು ಕುರಿ · 7:06
ಕ್ಷಮಿಸಿ. ಜಾರದ ಹಾಗೆ ಅಂತ ಹೇಳ್ಬೇಕಿತ್ತು ನಾನು. ಪೈಪ್ ಒಳಗೆ ಒಂದು ಬೆರಳು ದಪ್ಪ ಹತ್ತಿ ಹಾಕ್ತೀನಿ, ಅದನ್ನ ಬರೆಯೋದು ಬಿಟ್ಟುಹೋಯ್ತು.

ಗೋಪಾಳಿ · 7:15
ನಾನು 33 ವರ್ಷ ಪಶುವೈದ್ಯನಾಗಿ ಕೆಲಸ ಮಾಡಿ ಈಗ ನಿವೃತ್ತ. ಹಟ್ಟಿ ಹುಡುಗಿ, ನೀವು ಹೇಳಿದ ಲಕ್ಷಣ ನೋಡಿದ್ರೆ ಮಂಡಿ ಮತ್ತು ಗೊರಸಿನ ನಡುವಿನ ನಳಿಕೆ ಮೂಳೆ ಮುರಿದಿದೆ. ಮೇಕೆಮರಿಯಲ್ಲಿ ಇದಕ್ಕಿಂತ ಒಳ್ಳೇ ಜಾಗದಲ್ಲಿ ಮುರಿತ ಸಿಗಲ್ಲ. ಚರ್ಮ ಹರಿದಿಲ್ಲ ಅನ್ನೋದು ನಿಮ್ಮ ದೊಡ್ಡ ಅದೃಷ್ಟ. ಇವತ್ತು ರಾತ್ರಿಗೆ ತಾತ್ಕಾಲಿಕ ಕಟ್ಟು ಸಾಕು, ನಾಳೆ ಡಾಕ್ಟರಿಗೆ ತೋರಿಸ್ಲೇಬೇಕು.

ಕಟ್ಟೋದು ಹೇಗೆ ಅಂದ್ರೆ, ಎಡಗಾಲಾದ್ದರಿಂದ ಮರಿಯನ್ನ ಬಲಮಗ್ಗುಲಿಗೆ ಮಲಗಿಸಿ. ಮೇಕೆಗೆ ಮೇವಿನ ಚೀಲ ಇರೋದು ಎಡಗಡೆ, ಅದು ಮೇಲಿದ್ರೆ ಹೊಟ್ಟೆ ಉಬ್ಬರ ಆಗೋ ಭಯ ಕಡಿಮೆ. ಒಬ್ಬರು ತಲೆ ಹಿಡೀಲಿ. ಇನ್ನೊಬ್ಬರು ಗೊರಸು ಹಿಡಿದು ನಿಧಾನವಾಗಿ, ಕಾಲು ಇರೋ ದಿಕ್ಕಿನಲ್ಲೇ ಎಳೆದು ನೇರ ಮಾಡಿ. ಇನ್ನೊಂದು ಮುಂಗಾಲನ್ನ ಪಕ್ಕದಲ್ಲಿಟ್ಟು ನೋಡಿ, ಗೊರಸು ಅದೇ ಕಡೆ ಮುಖ ಮಾಡಿರ್ಬೇಕು. ಒಳಗೆ ಕರಕರ ಅಂದ್ರೆ ಹೆದರ್ಬೇಡಿ, ಆದರೆ ಸರಿಹೋಯ್ತಾ ಅಂತ ಪದೇಪದೇ ಅಲ್ಲಾಡಿಸಿ ನೋಡ್ಬೇಡಿ. ಆಮೇಲೆ ಹತ್ತಿ. ಗೊರಸಿನ ಸಂದಿಯಲ್ಲೂ ಒಂದು ಚೂರು ಹತ್ತಿ ಇಡಿ. ಗೊರಸಿನಿಂದ ಹಿಡಿದು ಮಂಡಿ ದಾಟಿ ಮೊಣಕೈ ಹತ್ತಿರದವರೆಗೂ ದಬ್ಬೆ ಬರ್ಬೇಕು. ಬಹಳ ಜನ ತಪ್ಪೋದು ಇಲ್ಲೇ: ಮುರಿದ ಜಾಗಕ್ಕೆ ಮಾತ್ರ ಗಿಡ್ಡ ದಬ್ಬೆ ಕಟ್ತಾರೆ. ಆಗ ದಬ್ಬೆಯ ತುದಿಯೇ ಮೀಟುಗೋಲಾಗಿ ಮೂಳೆ ಮತ್ತೆ ಜಾರುತ್ತೆ. ಮುರಿತದ ಮೇಲಿನ ಕೀಲು, ಕೆಳಗಿನ ಕೀಲು, ಎರಡೂ ಅಲ್ಲಾಡಬಾರದು.

ಗೊರಸಿನ ತುದಿ ಮಾತ್ರ ಕಾಣೋ ಹಾಗೆ ಬಿಡಿ. ಅದೇ ನಿಮ್ಮ ಕಿಟಕಿ. ರಾತ್ರಿ ಮಲಗೋ ಮುಂಚೆ ಒಂದ್ಸಲ, ಬೆಳಗ್ಗೆ ಒಂದ್ಸಲ ಮುಟ್ಟಿ ನೋಡಿ. ಇನ್ನೊಂದು ಕಾಲಿನಷ್ಟೇ ಬೆಚ್ಚಗಿರ್ಬೇಕು. ಎರಡು ಗೊರಸಿನ ನಡುವಿನ ಸಂದು ಅಗಲ ಆಗಿದ್ರೆ ಒಳಗೆ ಬಾವು ಏರ್ತಿದೆ ಅಂತ ಅರ್ಥ, ತಕ್ಷಣ ಸಡಿಲ ಮಾಡಿ.

ಹಟ್ಟಿ ಹುಡುಗಿ · 7:21
ಸರ್ ತುಂಬಾ ಧನ್ಯವಾದ. ಪೈಪ್ ಇದೆ, ಬೋರ್‌ವೆಲ್‌ಗೆ ತಂದಿದ್ದು ಮಿಕ್ಕಿತ್ತು. ಹತ್ತಿಗೆ ದಿಂಬು ಬಿಚ್ತೀನಿ. ಮಂಗರವಳ್ಳಿ ಹಚ್ಚಬಹುದಾ? ಅಜ್ಜಿ ಬಿಡ್ತಿಲ್ಲ.

ಗೋಪಾಳಿ · 7:26
ಹಚ್ಚಬೇಡಿ. ಮಂಗರವಳ್ಳಿಯ ಹಸಿ ರಸ ಚರ್ಮಕ್ಕೆ ತುರಿಕೆ ತರುತ್ತೆ. ಅಜ್ಜಿಯವರು ಅದನ್ನ ಚಟ್ನಿಗೆ ಹುಣಸೆ ಹಾಕಿ ಹುರಿಯೋದು ಯಾಕೆ ಅಂತ ಕೇಳಿ, ಅವರೇ ಹೇಳ್ತಾರೆ. ಮುಚ್ಚಿದ ಕಟ್ಟಿನೊಳಗೆ ಒದ್ದೆ ಸೊಪ್ಪು ಮೂರು ವಾರ ಕೂತ್ರೆ ಚರ್ಮ ಕೊಳೆಯುತ್ತೆ. ಅಜ್ಜಿ ಹೇಳಿದ ಬಿದಿರು ದಬ್ಬೆ ಮಾತ್ರ ನೂರಕ್ಕೆ ನೂರು ಸರಿ. ಪೈಪ್ ಇಲ್ಲದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ.

ಮದ್ದಿನ ಗಿಡ · 7:40
ಗೋಪಾಳಿ ಸರ್, ಇದನ್ನ ಒಪ್ಪಲ್ಲ. ಮಂಗರವಳ್ಳಿ ಮೂಳೆ ಕೂಡಿಸುತ್ತೆ ಅಂತ ಸಂಶೋಧನೆಗಳೇ ಆಗಿವೆ. ನಮ್ಮ ತಾತ ಎಷ್ಟೋ ಎತ್ತಿಗೆ ಕಟ್ಟಿದ್ದಾರೆ. ಇಂಗ್ಲಿಷ್ ಔಷಧಿ ಬರೋಕೆ ಮುಂಚೆ ಯಾವ ದನದ ಕಾಲೂ ಕೂಡ್ತಿರ್ಲಿಲ್ವಾ?

ಗೋಪಾಳಿ · 7:52
ಕೂಡ್ತಿತ್ತು. ಮೂಳೆಗೆ ತಾನಾಗೇ ಕೂಡೋ ಶಕ್ತಿ ಇದೆ. ಅಲ್ಲಾಡದೆ ನಿಂತ್ರೆ ಸಾಕು, ಅದು ಕೂಡುತ್ತೆ. ತಾತನವರ ಕೈಚಳಕ ಇದ್ದಿದ್ದು ಕಾಲು ನೇರ ಮಾಡಿ ದಬ್ಬೆ ಕೂರಿಸೋದರಲ್ಲಿ. ಸಂಶೋಧನೆ ಆಗಿರೋದೂ ನಿಜ, ನಾನು ಅಲ್ಲಗಳೆಯಲ್ಲ. ನಾನು ಹೇಳ್ತಿರೋದು ಒಂದೇ: ಬಿಚ್ಚದೆ ಇಡೋ ಕಟ್ಟಿನೊಳಗೆ ಒದ್ದೆ ಪದಾರ್ಥ ಯಾವುದೂ ಬೇಡ. ಅರಿಶಿನವೂ ಬೇಡ, ಮೊಟ್ಟೆಯ ಬಿಳಿಯೂ ಬೇಡ.

ಕಡಲ ಕರೆ · 8:05
ಪುತ್ತೂರಿಗೆ ಹೋಗಿ ಕಟ್ಟಿಸಿ ಅಂತ ನಮ್ಮ ಪಕ್ಕದವರು ಹೇಳ್ತಾ ಇರ್ತಾರೆ. ನಾವು ಪುತ್ತೂರಿನವರೇ ಮಾರಾಯ್ರೆ, ಇಲ್ಲಿ ಅಂಥ ಕಟ್ಟು ಯಾರು ಹಾಕ್ತಾರೆ ಅಂತ ನನಗೇ ಗೊತ್ತಿಲ್ಲ.

ಕೆರೆ ಏರಿ · 8:09
ಅದು ದಕ್ಷಿಣ ಕನ್ನಡದ ಪುತ್ತೂರಲ್ಲ ಅಕ್ಕ. ಆಂಧ್ರದ ಪುತ್ತೂರು, ತಿರುಪತಿ ಕಡೆ. ಮನುಷ್ಯರಿಗೆ ಮೂಳೆ ಕಟ್ಟೋಕೆ ಹೆಸರಾದ ಊರು.

ಜೋಳದ ಹೊಲ · 8:30
ಒಂದು ಮಾತು ಹೇಳ್ತೀನ್ರಿ, ಈ ಹುಡುಗಿಗಲ್ಲ, ಓದೋ ಉಳದವರಿಗೆ. ಕುಂಟೋದೆಲ್ಲಾ ಪೆಟ್ಟಲ್ಲ.

ನಾಕು ವರ್ಷದ ಹಿಂದ, ಮೊದಲ ಮಳಿ ಬಿದ್ದ ವಾರ, ನಮ್ಮ ಒಂದೂವರಿ ವರ್ಷದ ಮಣಕ ಮುಂಜಾನೆದ್ದು ಹಿಂದಿನ ಕಾಲು ಎಳೀಲಿಕ್ಕತ್ತಿತ್ತು. ಎತ್ತು ಒದ್ದಿರಬೇಕು ಅಂತ ತಿಳ್ಕೊಂಡು ಎಣ್ಣಿ ಕಾಸಿ ತಿಕ್ಕಿದ್ವಿ. ತೊಡಿ ಮ್ಯಾಲೆ ಬಾವು ಇತ್ತು. ಒತ್ತಿದ್ರ ಒಳಗ ಒಣಾ ಎಲಿ ತುಳಿದಂಗ ಚರ್ ಚರ್ ಅಂತಿತ್ತು. ಮೈ ಕೆಂಡದಂಗ ಸುಡ್ತಿತ್ತು. ಸಂಜಿಗೆ ಡಾಕ್ಟರ್ ಕರಿಯೂಣು ಅಂತ ಹೊಲಕ್ಕ ಹೋದೆ. ಹೊಳ್ಳಿ ಬರೂದ್ರಾಗ ಮಣಕ ನೆಲಾ ಹಿಡಿದಿತ್ತು. ಮರುದಿನ ಇರಲಿಲ್ಲ. ಚಪ್ಪೆ ಬ್ಯಾನಿ ಅಂತ ಆಮ್ಯಾಲೆ ಗೊತ್ತಾತು. ಆ ವರ್ಷ ಲಸಿಕಿ ಹಾಕ್ಸಿರಲಿಲ್ಲ, ಮನ್ಯಾಗ ಮದುವಿ ಇತ್ತು, ನಾಳೆ ನಾಳೆ ಅಂತ ಬಿಟ್ವಿ.

ಗೋಪಾಳಿ · 8:41
ಇದನ್ನ ಬರೆದದ್ದು ಒಳ್ಳೇದಾಯ್ತು. ಚಪ್ಪೆ ರೋಗ ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷದೊಳಗಿನ, ಮೈ ಕೈ ತುಂಬಿಕೊಂಡ ಎಳೇ ದನಗಳಿಗೇ ಬರೋದು. ಆ ಚರಚರ ಸದ್ದು ಸ್ನಾಯುವಿನಲ್ಲಿ ರೋಗಾಣು ಹುಟ್ಟಿಸೋ ಗಾಳಿ. ಆ ಸದ್ದು ಕೇಳಿದ್ರೆ ಉಜ್ಜೋದು, ಶಾಖ ಕೊಡೋದು ಯಾವುದೂ ಬೇಡ, ಆ ಕ್ಷಣವೇ ಡಾಕ್ಟರ್. ಶುರುವಲ್ಲೇ ಪೆನಿಸಿಲಿನ್ ಬಿದ್ರೆ ಮಾತ್ರ ಆಸೆ. ಸತ್ತರೆ ಹೆಣ ಕೊಯ್ಯಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ, ಇಲ್ಲಾಂದ್ರೆ ಆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಲಸಿಕೆ.

ಬನ್ನೂರು ಕುರಿ · 8:50
ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಗುಳ್ಳೆ ಇದ್ರೆ ಕಾಲುಬಾಯಿ ಜ್ವರ. ಒಂದೇ ದಿನ ಮೂರು ನಾಲ್ಕು ಕುಂಟೋಕೆ ಶುರು ಮಾಡಿದ್ರೆ ಪೆಟ್ಟಲ್ಲ ಅಂತ ಅರ್ಥ. ಕುರಿಗೆ ಮಳೆಗಾಲದಲ್ಲಿ ಗೊರಸು ಕೊಳೆಯೋದೂ ಉಂಟು. ಅದಕ್ಕೆ ನಾನು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಲ್ಲಿ ನಿಲ್ಲಿಸ್ತೀನಿ, ಲೀಟರಿಗೆ 50 ಗ್ರಾಂ.

ಗೋಪಾಳಿ · 8:54
ಕುರಿ ಅದನ್ನ ಕುಡೀದಂಗೆ ನೋಡ್ಕೊಳ್ಳಿ. ತಾಮ್ರದ ವಿಷ ಬೇರೆಲ್ಲಾ ಜಾನುವಾರಿಗಿಂತ ಕುರಿಗೆ ಬೇಗ ಏರುತ್ತೆ. ಜಿಂಕ್ ಸಲ್ಫೇಟ್ ಸಿಕ್ಕಿದ್ರೆ ಅದೇ ವಾಸಿ.

ಗಾಡಿ ಎತ್ತು · 9:10
ಇಷ್ಟೆಲ್ಲಾ ಯಾಕೆ? ನಮ್ಮ ಕಡೆ ಕಾಲಿಗೆ ಕಾಯಿಸಿದ ಕಬ್ಬಿಣದಲ್ಲಿ ಎರಡು ಬರೆ ಎಳೆದ್ರೆ ನೋವು ಇಳಿಯುತ್ತೆ. ಕಣ್ಣಾರೆ ನೋಡಿದೀನಿ.

ತೋಟದ ಮನೆ · 9:13
ಬರೆ ಬೇಡ ಅಣ್ಣ. ಮುರಿದ ನೋವಿನ ಮೇಲೆ ಸುಟ್ಟ ನೋವು.

ಗೋಪಾಳಿ · 9:20
ಸುಟ್ಟ ಮೇಲೆ ಆ ಕಾಲು ಊರೋಕೆ ಎತ್ತು ಹೆದರುತ್ತೆ. ಊರದೆ ಇದ್ದಾಗ ಕಾಲಿಗೆ ವಿಶ್ರಾಂತಿ ಸಿಗುತ್ತೆ, ಉಳುಕು ಆ ವಿಶ್ರಾಂತಿಯಿಂದ ವಾಸಿಯಾಗುತ್ತೆ. ಹೆಸರು ಮಾತ್ರ ಬರೆಗೆ ಬರುತ್ತೆ. ಅದೇ ವಿಶ್ರಾಂತಿನ ಹತ್ತು ದಿನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಕೊಡಿ. ಉಳುಕಿದ ಮೊದಲ ದಿನ ತಣ್ಣೀರು ಬಿಡಿ, ಎರಡು ದಿನ ಕಳೆದ ಮೇಲೆ ಬಿಸಿ ಉಪ್ಪುನೀರಿನ ಶಾಖ. ಬರೆಯಿಂದ ಆದ ಹುಣ್ಣಿಗೆ ಹುಳು ಬಿದ್ದು ಬಂದ ಎತ್ತುಗಳನ್ನ ಎಷ್ಟು ನೋಡಿದೀನೋ ಲೆಕ್ಕ ಇಲ್ಲ.

ಗಾಡಿ ಎತ್ತು · 9:34
ಹುಳು ಬಿದ್ರೆ ಪೆಟ್ರೋಲ್ ಹಾಕಿದ್ರೆ ಎಲ್ಲಾ ಉದುರುತ್ತೆ. ಅದಂತೂ ನಿಜ ತಾನೇ?

ಮದ್ದಿನ ಗಿಡ · 9:45
ಉದುರುತ್ತೆ, ಜೊತೆಗೆ ಹೊಸದಾಗಿ ಬರ್ತಿರೋ ಮಾಂಸಾನೂ ಸುಡುತ್ತೆ. ಸೀತಾಫಲದ ಎಲೆ ಅರೆದು ತುಂಬಿ, ಇಲ್ಲಾ ಕೊಬ್ಬರಿ ಎಣ್ಣೇಲಿ ಕರ್ಪೂರ ಕರಗಿಸಿ ಬಿಡಿ. ಮೊದಲ ದಿನ ಅಷ್ಟು ಸಾಕು, ಹುಳು ಹೊರಗೆ ಬರ್ತವೆ, ಚಿಮಟದಲ್ಲಿ ತೆಗೀರಿ.

ಆಮೇಲೆ ಹಚ್ಚೋಕೆ: ಕುಪ್ಪಿಗಿಡದ ಎಲೆ, ಬೇವಿನ ಎಲೆ, ತುಳಸಿ, ಗೋರಂಟಿ ಒಂದೊಂದು ಹಿಡಿ, ಬೆಳ್ಳುಳ್ಳಿ 10 ಎಸಳು, ಅರಿಶಿನ 20 ಗ್ರಾಂ. ಎಲ್ಲಾ ಅರೆದು ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಇಲ್ಲಾ ಎಳ್ಳೆಣ್ಣೇಲಿ ಕುದಿಸಿ ಆರಿಸಿ ಇಟ್ಕೊಳ್ಳಿ. ರಾಷ್ಟ್ರೀಯ ಹೈನುಗಾರಿಕೆ ಮಂಡಳಿಯವರು ಹೈನುಗಾರರಿಗೆ ಹೇಳಿಕೊಡ್ತಿರೋ ಮದ್ದೇ ಇದು. ಗಾಯ ತೊಳೆದು ಒರೆಸಿ ಹಚ್ಚಿ. ತೆರೆದ ಗಾಯಕ್ಕೆ ಮಾತ್ರ, ಕಟ್ಟಿನೊಳಗಲ್ಲ. ಗೋಪಾಳಿ ಸರ್ ಹೇಳಿದ್ದು ಯೋಚನೆ ಮಾಡಿದೆ, ಆ ಒಂದು ಮಾತು ಒಪ್ತೀನಿ.

ಹಟ್ಟಿ ಹುಡುಗಿ · ಭಾನುವಾರ ರಾತ್ರಿ 10:20
ಕಟ್ಟಿದ್ವಿ. ಅಪ್ಪ ತಲೆ ಹಿಡ್ಕೊಂಡ್ರು, ಅಮ್ಮ ಟಾರ್ಚ್ ಹಿಡಿದ್ರು. ಎಳೆದಾಗ ಒಂದೇ ಸಲ ಕೂಗ್ತು, ಆಮೇಲೆ ಅಪ್ಪನ ಅಂಗಿ ಗುಂಡಿ ಚೀಪ್ತಾ ಸುಮ್ಮನಿತ್ತು. ಪೈಪಿನ ಅಂಚು ಚೂಪಿತ್ತು, ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿದೆ. ಮೇಲಿನ ತುದೀಲಿ ಹತ್ತಿ ಎರಡು ಬೆರಳು ಹೊರಗೆ ಬಿಟ್ಟಿದೀನಿ. ಗೊರಸು ಬೆಚ್ಚಗಿದೆ. ಈಗಷ್ಟೇ ಮತ್ತೆ ಮುಟ್ಟಿ ಬಂದೆ.

ನಂದಿಬೆಟ್ಟ · ಸೋಮವಾರ ಬೆಳಗ್ಗೆ 6:15
ನೋವಿಗೆ ಏನು ಕೊಟ್ರಿ? ನಮ್ಮೂರ ಮೆಡಿಕಲ್‌ನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡ್ತಾರೆ, ಹಸುಗೆ ನಾನೇ ಚುಚ್ತೀನಿ, ಅರ್ಧ ಗಂಟೇಲಿ ಎದ್ದು ನಿಲ್ಲುತ್ತೆ.

ಗೋಪಾಳಿ · 6:50
ಅದನ್ನ ಇವತ್ತೇ ನಿಲ್ಲಿಸಿ. ಜಾನುವಾರಿಗೆ ಡೈಕ್ಲೋಫೆನಾಕ್ 2006ರಲ್ಲೇ ನಿಷೇಧ ಆಗಿದೆ. ಆ ಔಷಧಿ ಮೈಯಲ್ಲಿರೋ ದನ ಸತ್ತು, ಅದನ್ನ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತೆ. ದೇಶದ ಉದ್ದಗಲಕ್ಕೂ ಇದ್ದ ರಣಹದ್ದುಗಳು ಹೀಗೇ ಖಾಲಿಯಾಗಿದ್ದು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಎರಡನ್ನೂ ಜಾನುವಾರಿಗೆ ನಿಷೇಧಿಸಿದ್ರು. ಮೆಲಾಕ್ಸಿಕ್ಯಾಮ್ ಕೊಡಬಹುದು, ರಣಹದ್ದಿಗೆ ತೊಂದರೆ ಇಲ್ಲ. ಆದರೆ ಪ್ರಮಾಣ ತೂಕ ನೋಡಿ ಡಾಕ್ಟರೇ ಹೇಳ್ಬೇಕು.

ಮುರಿದ ಕಾಲಿನ ನೋವು ಪೂರ್ತಿ ಮಾಯ ಆಗೋದೂ ಒಳ್ಳೇದಲ್ಲ. ನೋವಿಲ್ಲ ಅಂತ ಮರಿ ನೆಗೆದಾಡಿದ್ರೆ ಕಟ್ಟು ಕೆಡುತ್ತೆ.

ಕಲ್ಲುಬೆಟ್ಟ · 7:30
ನಮ್ಮದು ರಾಮನಗರ. ರಾಮದೇವರ ಬೆಟ್ಟದ ರಣಹದ್ದುಗಳನ್ನ ನಮ್ಮ ತಂದೆ ಚಿಕ್ಕವರಿದ್ದಾಗ ಹಿಂಡುಹಿಂಡಾಗಿ ನೋಡ್ತಿದ್ರಂತೆ. ನಾನು ನೋಡಿದಾಗ ಕೈಬೆರಳಲ್ಲಿ ಎಣಿಸೋಷ್ಟು. ಈಗ ಅದು ರಣಹದ್ದು ಧಾಮ. ನಂದಿಬೆಟ್ಟದವರೇ, ದಯವಿಟ್ಟು ಆ ಇಂಜೆಕ್ಷನ್ ಬಿಡಿ. ಅಷ್ಟು ದೊಡ್ಡ ಹಕ್ಕಿ ಬಂಡೆ ಮೇಲಿಂದ ರೆಕ್ಕೆ ಬಿಚ್ಚಿ ಗಾಳಿಗೆ ಬಿದ್ದಾಗ ನೆಲದ ಮೇಲೆ ನೆರಳು ಓಡೋದನ್ನ ನನ್ನ ಮಕ್ಕಳೂ ನೋಡ್ಬೇಕು.

ನಂದಿಬೆಟ್ಟ · 7:44
ಗೊತ್ತಿರ್ಲಿಲ್ಲ. ಇನ್ನು ತರಲ್ಲ.

ಹಾಲಿನ ಕ್ಯಾನು · 8:10
ನಡುವೆ ನನ್ನದೊಂದು. ಎಚ್‌ಎಫ್ ಹಸು ಶನಿವಾರ ಕರು ಹಾಕ್ತು, ಇವತ್ತು ಬೆಳಗ್ಗೆ ಎದ್ದೇ ಇಲ್ಲ. ಸಿಮೆಂಟ್ ನೆಲ, ಜಾರಿ ಸೊಂಟ ಮುರೀತಾ ಅಂತ ಭಯ.

ಗೋಪಾಳಿ · 8:14
ಕಿವಿ ಮುಟ್ಟಿ ನೋಡಿ. ತಣ್ಣಗಿದ್ದು, ಕತ್ತು ಪಕ್ಕಕ್ಕೆ ಹೊಟ್ಟೆ ಕಡೆ ತಿರುಗಿಸಿಕೊಂಡು ಮಂಕಾಗಿ ಕೂತಿದ್ರೆ ಹಾಲು ಜ್ವರ ಇರ್ಬೇಕು. ಕಾಲಿಗೆ ಏನೂ ಆಗಿಲ್ಲ, ಕ್ಯಾಲ್ಸಿಯಂ ಕುಸಿದಿದೆ. ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಎದೆ ಮೇಲೆ ಕೂರೋ ಹಾಗೆ ಎರಡೂ ಕಡೆ ಹುಲ್ಲಿನ ಹೊರೆ ಒತ್ತು ಕೊಡಿ.

ಹಾಲಿನ ಕ್ಯಾನು · 11:35
ಗಾಡಿ ಬಂತು. ನರಕ್ಕೆ ಎರಡು ಬಾಟಲಿ ಹಾಕಿದ್ರು. ಎರಡನೇದು ಮುಗಿಯೋ ಹೊತ್ತಿಗೆ ತೇಗಿತು, ಸಗಣಿ ಹಾಕ್ತು, ಎದ್ದು ನಿಂತ್ಕೊಳ್ತು. ಕಣ್ಣಲ್ಲಿ ನೀರು ಬಂತು ಸರ್. ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಿಸ್ತೀನಿ.

ಹಟ್ಟಿ ಹುಡುಗಿ · ಸೋಮವಾರ ಮಧ್ಯಾಹ್ನ 2:05
ಡಾಕ್ಟರ್ ನೋಡಿದ್ರು. ಕಟ್ಟು ಬಿಚ್ಚದೆ ಮೇಲಿಂದಲೇ ಮುಟ್ಟಿ, ಗೊರಸು ನೋಡಿ, ಹೀಗೇ ಇರ್ಲಿ ಅಂದ್ರು. ಧನುರ್ವಾಯು ಇಂಜೆಕ್ಷನ್ ಕೊಟ್ರು, ನೋವಿಗೆ ಮೂರು ದಿನದ ಔಷಧಿ. ಹತ್ತು ಹನ್ನೆರಡು ದಿನಕ್ಕೆ ಬಿಚ್ಚಿ ಹೊಸದಾಗಿ ಕಟ್ಟಬೇಕಂತೆ, ಮರಿ ಬೆಳೆಯೋದರಿಂದ ಕಟ್ಟು ತಾನಾಗೇ ಬಿಗಿಯಾಗುತ್ತಂತೆ. ಮರಿಗೆ ಬೆಳ್ಳಿ ಅಂತ ಹೆಸರಿಟ್ಟಿದೀವಿ. ಇಟ್ಟಿದ್ದು ಅಪ್ಪ.

ತೋಟದ ಮನೆ · 2:20
ಅಪ್ಪ ಹೆಸರಿಟ್ರಾ! ಇನ್ನು ಮಾರಲ್ಲ ಬಿಡಿ.

ಕೆರೆ ಏರಿ · 2:31
ಕಟ್ಟು ಒದ್ದೆ ಆಗ್ಬಾರ್ದು. ಮೂತ್ರ ನಿಲ್ಲೋ ಜಾಗದಲ್ಲಿ ಮಲಗಿಸ್ಬೇಡಿ. ಬೆಳಗ್ಗೆ ಇಬ್ಬನಿ ಹುಲ್ಲಿಗೂ ಬಿಡ್ಬೇಡಿ.

ಹಟ್ಟಿ ಹುಡುಗಿ · 12ನೇ ದಿನ
ಬಿಚ್ಚಿ ಮತ್ತೆ ಕಟ್ಟಿದ್ವಿ. ಮಂಡಿ ಪಕ್ಕದಲ್ಲಿ ಒಂದು ರೂಪಾಯಿ ಅಗಲ ಕೂದಲು ಹೋಗಿ ಕೆಂಪಾಗಿತ್ತು, ಅಲ್ಲಿ ಹತ್ತಿ ಜರುಗಿತ್ತು. ಸರಿಮಾಡಿದೆ. ಮುರಿದ ಜಾಗದಲ್ಲಿ ನೆಲ್ಲಿಕಾಯಿ ಥರ ಗಟ್ಟಿ ಗಂಟು ಕೈಗೆ ಸಿಗ್ತಿದೆ. ಇದು ಸರೀನಾ ಸರ್?

ಗೋಪಾಳಿ · 12ನೇ ದಿನ
ಅದೇ ಹೊಸ ಮೂಳೆ. ಸರಿಯಾಗೇ ಇದೆ. ಇನ್ನೆರಡು ವಾರ ಬಿಚ್ಚೋ ಆತುರ ಬೇಡ. ದೊಡ್ಡ ಮೇಕೆಯಾದ್ರೆ ಆರರಿಂದ ಎಂಟು ವಾರ ಬೇಕಾಗ್ತಿತ್ತು.

ಹಟ್ಟಿ ಹುಡುಗಿ · 29ನೇ ದಿನ
ಇವತ್ತು ತೆಗೆದ್ವಿ. ಕಾಲು ಸಣ್ಣಗಾಗಿದೆ, ಚರ್ಮ ಒಣಗಿದೆ, ಆದರೆ ನೇರ ಇದೆ. ಮೊದಲು ಗೊರಸಿನ ತುದಿ ಮಾತ್ರ ಊರ್ತು, ಎತ್ತಿಕೊಳ್ತು. ಮತ್ತೆ ಊರ್ತು. ಸಂಜೆ ಹೊತ್ತಿಗೆ ತಾಯಿ ಹಿಂದೆ ನಾಲ್ಕೂ ಕಾಲಲ್ಲಿ ಹೋಯ್ತು, ಸ್ವಲ್ಪ ಕುಂಟ್ತಾ. ಬೇಲಿಯ ಆ ಸಂದಿಗೆ ಅಪ್ಪ ಮಣ್ಣು ಕಲ್ಲು ತುಂಬಿ ಮುಚ್ಚಿದಾರೆ.

ಬನ್ನೂರು ಕುರಿ · 29ನೇ ದಿನ
ಬಹಳ ಖುಷಿಯಾಯ್ತು. ಒಂದು ವಾರ ಹಿಂಡಿಗೆ ಬಿಡ್ಬೇಡಿ.

ಹೊಸಬ · 31ನೇ ದಿನ
ಇಡೀ ಚರ್ಚೆ ಓದಿದೆ. ನಮ್ಮದು ಹಿರಿಯೂರು. ಇವತ್ತು ಬೆಳಗ್ಗೆ ಟಿಲ್ಲರ್ ಪಕ್ಕ ಮಲಗಿದ್ದ ಎರಡು ತಿಂಗಳ ಮರಿಗೆ ಇದೇ ಥರ ಆಗಿದೆ, ಮುಂಗಾಲೇ. ಆದರೆ ಒಂದು ಕಡೆ ಚರ್ಮ ಸ್ವಲ್ಪ ಹರಿದು ರಕ್ತ ಇದೆ. ಇದೇ ಪೈಪ್ ಕಟ್ಟು ಹಾಕ್ಲಾ?

ತೋಟದ ಮನೆ · 31ನೇ ದಿನ
ಬೇಡ, ಬೇಡ. ಗಾಯ ಇದ್ರೆ ಮುಚ್ಚಿ ಕಟ್ಟಬೇಡಿ.

ಗೋಪಾಳಿ · 31ನೇ ದಿನ
ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಧಾರೆಯಾಗಿ ಸುರಿದು ತೊಳೀರಿ. ಶುಭ್ರ ಬಟ್ಟೆ ಮುಚ್ಚಿ. ಅಲ್ಲಾಡದ ಹಾಗೆ ಹತ್ತಿಯ ಮೇಲೆ ಸಡಿಲವಾಗಿ ದಬ್ಬೆ ಇಟ್ಟು, ಈಗಲೇ ಆಸ್ಪತ್ರೆಗೆ ಹೊರಡಿ. ಸಂಜೆಗೆ ಅಂತ ಕಾಯಬೇಡಿ.

ಹೊಸಬ · 31ನೇ ದಿನ
ಹೊರಟೆ. ಬೈಕಲ್ಲಿ ತಮ್ಮ ಮರಿ ಹಿಡ್ಕೊಂಡಿದಾನೆ.